ಬೇಸಿಗೆ ಅಂಗಿಯಲ್ಲಿ ಕಲಿತ ಪಿಸ್ತೂಲು

ಸೊಂಟದಿಂದ ಪಿಸ್ತೂಲು ಎಳೆಯುವುದರಲ್ಲಿ ಲವೀಟಾಳನ್ನು ಮೀರಿಸುವ ಕೈ ಇಡೀ ಒಕ್ಲಹೋಮದಲ್ಲಿರಲಿಲ್ಲ, ಕಲಿಸಿದವನು ನಾನು. ಅವಳು ಎಳೆದ ಮೇಲೆ ಅವಳ ನೆರಳು ಎಳೆಯುವಷ್ಟರಲ್ಲಿ ನಾವು ಒಂದು ಲೋಟ ಕಾಫಿ ಕುಡಿದು ಮುಗಿಸಬಹುದಿತ್ತು. ಕೆಫೆಯಲ್ಲಿ ಇದನ್ನು ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ.

ಲವೀಟಾ ನಮ್ಮ ಪಕ್ಕದ ಮನೆಯವಳು, ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವವಳು. ಗಂಡ ಡಾರಿಲ್ ಹನ್ನೊಂದು ವರ್ಷ ಅವಳನ್ನು ಬಡಿದು, ಕೊನೆಗೆ ದವಡೆ ಮುರಿದು ಜೈಲು ಸೇರಿದ್ದ. “ಹೊರಗೆ ಬಂದ ದಿನ ನಿನ್ನ ಕತೆ ಮುಗೀತು” ಎಂದು ಕೋರ್ಟಿನಲ್ಲೇ ಕೂಗಿದ್ದ. ಬಿಡುಗಡೆ ಮುಂದಿನ ಜನವರಿಗೆ ಇತ್ತು. ಅವಳ ಹತ್ತಿರ ಸುಳಿಯಬಾರದೆಂದು ನ್ಯಾಯಾಧೀಶರು ಬರೆದುಕೊಟ್ಟ ಕಾಗದ ಹಿಡಿದು ಮೇ ತಿಂಗಳಲ್ಲಿ ಅವಳು ನಮ್ಮ ಬಾಗಿಲಿಗೆ ಬಂದಳು.

“ಹಾಯ್ಟ್ ಮಾಮ, ಇದನ್ನ ಮುಖಕ್ಕೆ ಹಿಡಿದ್ರೆ ಅವ್ನು ಓಡಿ ಹೋಗ್ತಾನಾ?”

“ಸೊಳ್ಳೆ ಓಡತ್ತೆ. ನಡಿ ಜಲ್ಲಿಗುಂಡಿಗೆ, ಪಿಸ್ತೂಲು ಕಲಿಸ್ತೀನಿ.”

ಸೊಂಟದಲ್ಲಿ ಪಿಸ್ತೂಲು, ಅದು ಕಾಣದಂತೆ ಮೇಲೊಂದು ದೊಗಲೆ ಅಂಗಿ. ಎಡಗೈಯಲ್ಲಿ ಅಂಗಿಯ ಅಂಚು ಎತ್ತು, ಬಲಗೈಯಲ್ಲಿ ಎಳೆ. ಮನೆಯಲ್ಲಿ ಗುಂಡು ತೆಗೆದಿಟ್ಟು ಕನ್ನಡಿಯ ಮುಂದೆ ದಿನಕ್ಕೆ ಇನ್ನೂರು ಸಲ ಅದೇ ಕೆಲಸ. ಆಗಸ್ಟಿನ ಹೊತ್ತಿಗೆ ಕನ್ನಡಿಯೇ ಹೆದರಿ ಕೈ ಮೇಲೆತ್ತುತ್ತಿತ್ತು. ಗುಂಡಿಯಲ್ಲಿ ನಿಲ್ಲಿಸಿದ ಕಾಗದದ ಆಳಿನ ಎದೆಯಲ್ಲಿ ಕೋಳಿ ಗೂಡು ಕಟ್ಟುವಷ್ಟು ತೂತು.

ಕೆಫೆಯಲ್ಲಿ ಗೆಳೆಯ ವರ್ಡೆಲ್ ಕೆಣಕುತ್ತಿದ್ದ. “ಲವೀಟಾ, ಸ್ಕೂಲಲ್ಲಿ ಬೀನ್ಸಿಗೆ ಉಪ್ಪು ಜಾಸ್ತಿ ಅಂತ ಇನ್ಮೇಲೆ ಯಾರಮ್ಮ ಬಾಯಿ ಬಿಡ್ತಾರೆ?”

“ನಿಮ್ಮ ಮೊಮ್ಮಗ ತಟ್ಟೆ ನೆಕ್ತಾನೆ” ಅನ್ನುತ್ತಿದ್ದಳು ಅವಳು. “ ಮನೇಲಿ ನೀವೇನು ಹಾಕ್ತೀರೋ ಪಾಪ.”

ಡಾರಿಲ್ ಬಂದದ್ದು ಬಿಡುಗಡೆಯಾದ ಮೂರನೇ ದಿನ, ನಡುಮಧ್ಯಾಹ್ನ, ದಿನಸಿ ಅಂಗಡಿಯ ಮುಂದೆ. ಹಸುವಿನ ಕೆಚ್ಚಲಿನಿಂದ ಐಸ್‌ಕ್ರೀಮ್ ಇಳಿಯುವಂಥ ಚಳಿ. ಲವೀಟಾ ಮೊಣಕಾಲುದ್ದದ ಕೋಟು ತೊಟ್ಟು, ಕುತ್ತಿಗೆಯವರೆಗೆ ಜಿಪ್ ಎಳೆದು, ದಪ್ಪ ಕೈಗವಸು ಹಾಕಿದ್ದಳು.

ಅವಳ ಕೈ ನಿಧಾನವೇನೂ ಆಗಲಿಲ್ಲ. ಕಲಿಸಿದ್ದನ್ನೇ ಮಾಡಿತು. ಎಡಗೈ ಅಂಗಿಯ ಅಂಚು ಹುಡುಕಿತು, ಸಿಕ್ಕಿದ್ದು ಕೋಟು. ಕೈಗವಸಿನ ಬೆರಳಿಗೆ ಜಿಪ್ಪಿನ ತುದಿ ಸಿಗಲಿಲ್ಲ. ಮತ್ತೆ ಅಂಗಿಯ ಅಂಚನ್ನೇ ಹುಡುಕಿತು. ಅಷ್ಟರಲ್ಲಿ ಡಾರಿಲ್ ಅವಳನ್ನು ಕೆಡವಿ ಬಲಗೈಯನ್ನು ಬೂಟಿನಲ್ಲಿ ತುಳಿದಿದ್ದ. ಅಂಗಡಿಯ ಮಾಂಸ ಕಡಿಯುವವನು ಓಡಿಬಂದು ಎಳೆಯದಿದ್ದರೆ ಅವತ್ತೇ ಅವಳ ಕತೆ ಮುಗಿಯುತ್ತಿತ್ತು. ಎಂಟು ತಿಂಗಳು ಕಲಿಸಿದ ನಾನು ಒಂದು ದಿನವೂ ಅವಳಿಗೆ ಕೋಟು ಹಾಕಿಸಿರಲಿಲ್ಲ.

ಡಾರಿಲ್ ಮತ್ತೆ ಜೈಲಿಗೆ ಹೋದ. ಲವೀಟಾಳ ಬಲಗೈ ಬೆರಳುಗಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ನಾನು ಹೂವು ಹಿಡಿದು ಆಸ್ಪತ್ರೆಗೆ ಹೋದೆ.

“ಬೇಜಾರು ಮಾಡ್ಕೋಬೇಡ ಕಣಮ್ಮ. ಎಡಗೈಲೂ ಎಳೀಬಹುದು. ಈ ಸಲ ಕೋಟು ಹಾಕ್ಸೇ ಕಲಿಸ್ತೀನಿ. ಪಕ್ಕದ ಮನೆಯವನಾಗಿ ಅಷ್ಟೂ ಮಾಡದಿದ್ರೆ ಹೇಗೆ?”

ಲವೀಟಾ ಎಡಗೈಯಲ್ಲಿ ಹೂವನ್ನು ಪಕ್ಕಕ್ಕೆ ಸರಿಸಿದಳು.

“ಹನ್ನೊಂದು ವರ್ಷ ಅವ್ನು ಹೊಡೀವಾಗ ನೀವು ಟಿವಿ ಸದ್ದು ಜಾಸ್ತಿ ಮಾಡ್ತಿದ್ರಿ, ಮಾಮ. ನಂಗೆ ಕೇಳ್ತಿತ್ತು. ಒಂದ್ಸಲ ಬಂದು ಬಾಗಿಲು ತಟ್ಟೋಕೆ ನಿಮಗೆ ಯಾವ ಕೋಟು ಅಡ್ಡ ಬಂದಿತ್ತು?”