ಕಾಣದಂತೆ ಹೊಲಿಸಿದ ಲಂಗ

ಸವಿತಾ, ನಿನ್ನ ಬೆನ್ನು ಡೊಂಕಾಗುತ್ತಿರುವುದು ನಿನ್ನ ಹನ್ನೆರಡನೇ ವಯಸ್ಸಿಗೇ ನನಗೆ ಗೊತ್ತಿತ್ತು. ನಿನ್ನ ಅಕ್ಕನಾಗಿ, ಗೊತ್ತಿದ್ದೂ ಮುಚ್ಚಿಟ್ಟೆ.

ಮೊದಲು ಕಂಡವನು ಮದ್ದೂರಿನ ಟೈಲರ್. ನನ್ನನ್ನು ನೋಡಲು ಮಳವಳ್ಳಿಯಿಂದ ಗಂಡಿನವರು ಬರುವವರಿದ್ದರು. ನಿನಗೆ ಲಂಗ-ಬ್ಲೌಸು ಹೊಲಿಸಲು ಕರೆದೊಯ್ದಿದ್ದೆ. ಆತ ಎರಡೆರಡು ಸಲ ಅಳೆದು, ನಿನ್ನನ್ನು ಹೊರಗೆ ಕಳಿಸಿ ಅಂದ: "ಮಗೀಗೆ ಒಂದ್ ಬುಜ, ಒಂದ್ ಸೊಂಟ ಮೇಲೈತೆ ಕಣಮ್ಮ. ಎಂಗ್ ಕತ್ರಿಸಿದ್ರೂ ಲಂಗದ್ ಅಂಚು ಸಮ ನಿಲ್ಲಾಕಿಲ್ಲ. ಮೂಳೆ ಡಾಕ್ಟ್ರಿಗೆ ತೋರ್ಸು."

"ಕಾಣ್ದಂಗೆ ಒಲ್ಕೊಡಣ್ಣ" ಅಂದೆ.

ತಗ್ಗಿದ ಭುಜಕ್ಕೆ ಒಳಗಿಂದ ಬಟ್ಟೆ ಮಡಿಸಿ, ಲಂಗದ ಪಟ್ಟಿ ಒಂದು ಕಡೆ ಏರಿಸಿ ಹೊಲಿದುಕೊಟ್ಟ. ಗಂಡಿನವರಿಗೆ ಕಾಫಿ ಕೊಟ್ಟವಳು ನೀನೇ, ಯಾರಿಗೂ ಕಾಣಲಿಲ್ಲ. ಈ ಮನೆತನಕ್ಕೇ ಮೂಳೆ ದೋಷ ಅಂತ ಅವರು ಅಂದುಬಿಟ್ಟರೆ ನನ್ನ ಸಂಬಂಧ ತಪ್ಪುತ್ತೆ — ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ನಾನು ಬಿ.ಎಸ್ಸಿ. ನಮ್ಮ ಮನೆತನಕ್ಕೇ ಮೊದಲ ಡಿಗ್ರಿ. ಬೆಸಗರಹಳ್ಳಿಯಿಂದ ಮಂಡ್ಯದವರೆಗೆ ಬಸ್ಸಲ್ಲಿ ನಿಂತುಕೊಂಡೇ ಹೋಗಿ ಓದಿದವಳು. ಬೆನ್ನುಮೂಳೆಯ ಚಿತ್ರ ಬರೆದು ಪೂರ್ತಿ ಅಂಕ ತೆಗೆದವಳು. ಥೂ, ಆ ಓದಿಗಿಷ್ಟು —

ಎರಡು ವರ್ಷದಲ್ಲಿ ನೀನು ಸರಸರನೆ ಎತ್ತರವಾದೆ, ಬಾಗೂ ಬೆಳೆಯಿತು. ಮಂಡ್ಯದ ಡಾಕ್ಟರು ಎಕ್ಸ್‌ರೇ ನೋಡಿ ಸ್ಕೋಲಿಯೋಸಿಸ್, ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು ಅಂದರು. ಹೆಚ್ಚಿನವರಲ್ಲಿ ಕಾರಣವೇ ತಿಳಿಯುವುದಿಲ್ಲವಂತೆ, ಹೊರೆ ಹೊತ್ತು ಬರುವುದಲ್ಲವಂತೆ. ಬಾಗು ಬೆಳೆಯುವ ಮುಂಚೆ ಬಂದಿದ್ದರೆ ಬೆನ್ನಿಗೆ ಬೆಲ್ಟು ಹಾಕಿ ತಡೆಯಲು ನೋಡಬಹುದಿತ್ತು, ಈಗ ಆಪರೇಷನ್ನೇ ಅಂದರು. ಒಳಗೆ ಕೇಳಿಸಿಕೊಂಡವಳು ನಾನೊಬ್ಬಳೇ.

ಹೊರಗೆ ಅವ್ವ ಕೇಳಿದಳು: "ನಾನ್ ಉಲ್ಲೊರೆ ಒರ್ಸಿದ್ಕೇ ಇಂಗಾಯ್ತೇನವ್ವ?"

ನಾನು ಬಾಯಿ ಬಿಡಲಿಲ್ಲ. ಅವಳಿಗೆ ಅದೇ ಉತ್ತರವಾಯಿತು. ಅಂದಿನಿಂದ, ಹುಲ್ಲು ಹೊರಿಸಿ ಮಗಳ ಬೆನ್ನು ಮುರಿದವಳು ಅಂತ ಕೇರಿಯ ಹೆಂಗಸರು ಆಡಿಕೊಂಡರೆ ತಲೆ ತಗ್ಗಿಸಿ ಕೇಳುತ್ತಾಳೆ. ಅವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು ನೋಡು — ನನಗೆ!

ಬೆಲ್ಟು ಹಾಕಿದ್ದರೂ ನಿಲ್ಲುತ್ತಿತ್ತೋ ಇಲ್ಲವೋ. ಆ ಅನುಮಾನದ ಹಿಂದೆ ಅವಿತುಕೊಳ್ಳುವುದಿಲ್ಲ. ಹಾಕಿ ನೋಡುವ ಕಾಲವನ್ನೇ ನಾನು ಕಿತ್ತುಕೊಂಡೆ.

ಇವತ್ತು ಬೆಳಿಗ್ಗೆ ನನ್ನ ಗಂಡನಿಗೆ ಎಲ್ಲ ಹೇಳಿದೆ. "ಗೊತ್ತಿದ್ದರೂ ನಿನ್ನನ್ನೇ ಮದುವೆಯಾಗುತ್ತಿದ್ದೆ" ಅಂದರು. ಅದನ್ನು ಕೇಳಿ ಮೈಯೆಲ್ಲ ಉರಿದುಹೋಯಿತು.

ಭಾನುವಾರ ಬರುತ್ತೇನೆ. ಅವ್ವನಿಗೆ ಇದನ್ನು ನೀನು ಓದಿ ಹೇಳಬೇಡ, ನಾನೇ ಎದುರು ಕೂತು ಹೇಳುತ್ತೇನೆ. ಆಮೇಲೆ ನಲ್ಲಿ ಹತ್ತಿರ ಹೋಗಿ, ಆ ಹೆಂಗಸರೆಲ್ಲ ಕೊಡ ಇಟ್ಟು ನಿಂತಿರುವಾಗ, ಇನ್ನೊಂದು ಸಲ ಹೇಳುತ್ತೇನೆ.