ಬಲಭುಜ ಇಳಿದವನಿಗೂ ಒಂದು ಆಮೆನ್

ನಮ್ಮಮ್ಮನಿಗೆ ಗಿರಾಕಿಗಳ ಹೆಸರು ನೆನಪಿರುವುದಿಲ್ಲ, ಅಳತೆ ಮಾತ್ರ ಮರೆಯುವುದಿಲ್ಲ. ಬೀದಿಯಲ್ಲಿ ಯಾರಾದರೂ ಮಾತನಾಡಿಸಿದರೆ ಮುಖ ಬಿಟ್ಟು ಸೊಂಟ ನೋಡುತ್ತಿದ್ದಳು. "ಓ, ಮೂವತ್ತಾರು! ಏನ್ರೀ ಇದು, ಮೂವತ್ತೆಂಟಕ್ಕೆ ಹೋಗಿದೀರಿ?" ಎಂದು ನಡುಬೀದಿಯಲ್ಲೇ ಅವರ ಮಾನ ಕಳೆಯುತ್ತಿದ್ದಳು. ಗಂಡಸರ ಬಟ್ಟೆ ಹೊಲಿಯುವ ಹೆಂಗಸೇ ಎಂದು ಮೂಗು ಮುರಿದವರೆಲ್ಲ ಕೊನೆಗೆ ಬಾಲ ಮುದುರಿಕೊಂಡು ಅವಳ ಬಾಗಿಲಿಗೇ ಬಂದರು. ಅವಳು ಕೂರಿಸಿದ ಕಾಲರು ಹಾಗಿರುತ್ತಿತ್ತು.

ನನಗೆ ಐದು ವರ್ಷವಾಗಿದ್ದಾಗ ಅಪ್ಪ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಾ ಲಾರಿಗೆ ಸಿಕ್ಕಿ ತೀರಿಕೊಂಡರು. ಲಾರಿಯವನು ನಿದ್ದೆಗಣ್ಣಿನಲ್ಲಿದ್ದನಂತೆ. ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ ಹಾಕಿಕೊಂಡಳು, ಗೋಡೆಗೆ ಒಂದು ಶಿಲುಬೆ ಮತ್ತು ಒಂದು ಉದ್ದ ಕನ್ನಡಿ ನೇತುಹಾಕಿದಳು.

ಪಾದ್ರಿಯವರ ಪ್ರಸಂಗದಲ್ಲಿ ನಾನು ತೂಕಡಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ನಾನು ಪ್ರಾರ್ಥನೆ ಕಲಿತದ್ದು ಆ ಕೋಣೆಯಲ್ಲಿ. ಸಂಜೆ ಬಾಗಿಲು ಹಾಕಿದ ಮೇಲೆ ಅಮ್ಮ ಅಳತೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವುತ್ತಿದ್ದಳು. "ಕರ್ತನೇ, ಎದೆ ನಲವತ್ತೆರಡಕ್ಕೆ ಕೆಮ್ಮು ಬಿಟ್ಟಿಲ್ಲ, ನೋಡ್ಕೋ. ಗಿಡ್ಡ ತೋಳಿನವರ ಮಗಳಿಗೆ ಹೆರಿಗೆ ಸುಸೂತ್ರವಾಗಲಿ. ಬಲಭುಜ ಇಳಿದವನಿಗೆ ಒಳ್ಳೇ ನಿದ್ದೆ ಕೊಡು." ಒಂದೊಂದಕ್ಕೂ ಆಮೆನ್ ಹೇಳುವುದು ನನ್ನ ಕೆಲಸ. ದೇವರು ಎಂದರೆ ಎಲ್ಲರ ಅಳತೆಯೂ ಗೊತ್ತಿರುವವನು ಎಂದು ನಾನು ನಂಬಿ ಬೆಳೆದೆ.

ಈಗ ಅಮ್ಮನ ಕಣ್ಣು ಮಂಜಾಗಿದೆ. ಅಂಗಡಿ ನನ್ನದು. ಅವಳು ಒಳಗೆ ಕುಳಿತು ಗುಂಡಿ ಹಚ್ಚುತ್ತಾಳೆ, ನನ್ನ ಕೆಲಸಕ್ಕೆ ಹೆಸರಿಡುತ್ತಾಳೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅವಳು ಕಣ್ಣಿನ ಆಸ್ಪತ್ರೆಗೆ ಹೋಗಿದ್ದಾಗ ನರೆತ ತಲೆಯ ಒಬ್ಬರು ಬಂದರು. ಮಗಳ ಮದುವೆಗೆ ಕೋಟು ಬೇಕಿತ್ತು. ಬೆನ್ನಿಗೆ ಟೇಪು ಹಿಡಿದೆ. ಬಲಭುಜ ಎಡಕ್ಕಿಂತ ಒಂದಿಂಚು ಕೆಳಗೆ! ಕಳೆದುಹೋದ ನೆಂಟ ಸಿಕ್ಕಷ್ಟು ಖುಷಿಯಾಯಿತು ನನಗೆ.

"ಅಯ್ಯೋ, ಬಲಭುಜ ಇಳಿದವರು ನೀವೇನಾ? ಏಳು ವರ್ಷದೋಳಿದ್ದಾಗಿಂದ ನಿಮಗೋಸ್ಕರ ಆಮೆನ್ ಹೇಳಿದೀನಿ ಕಣ್ರೀ! ಈಗ ನಿದ್ದೆ ಬರುತ್ತಾ? ಈ ಭುಜ ಹುಟ್ಟಿದಾಗಿಂದ ಹೀಗೇನಾ?"

ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು. ಮುಖದಲ್ಲಿ ರಕ್ತವಿರಲಿಲ್ಲ.

"ಗೊತ್ತಿದ್ದೂ ನನಗೋಸ್ಕರ ಪ್ರಾರ್ಥನೆ ಮಾಡಿದ್ರಾ, ತಾಯಿ?"

"ಏನು ಗೊತ್ತಿದ್ದು?"

"ಅಮ್ಮ ಹೇಳಿರ್ತಾರೆ ಅಂದ್ಕೊಂಡೆ. ಈ ಭುಜ ಮುರಿದಿದ್ದು ಲಾರಿ ಮಗುಚಿದಾಗ. ನಿಮ್ಮ ತಂದೆ ಸೈಕಲ್ಲು... ಆ ಲಾರಿ ಓಡಿಸ್ತಿದ್ದೋನು ನಾನೇ."

ಟೇಪು ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಂಡು, ಉಳಿದ ಅಳತೆಯನ್ನು ಯಂತ್ರದ ಹಾಗೆ ಬರೆದುಕೊಂಡೆ. ಅವರು ಯಾವಾಗ ಹೋದರೆಂದೂ ತಿಳಿಯಲಿಲ್ಲ. ಸಾವಿರಾರು ಸಂಜೆ, ಅಪ್ಪನನ್ನು ಕೊಂದವನಿಗೆ ಒಳ್ಳೇ ನಿದ್ದೆ ಬರಲಿ ಎಂದು ನನ್ನ ಬಾಯಿಂದಲೇ ಹೇಳಿಸಿದ್ದಳು ನಮ್ಮಮ್ಮ. ಅವಳ ಮೇಲೆ ಉರಿದುಹೋದೆ. ಅವಳು ಕಲಿಸಿದ ದೇವರ ಮೇಲೂ.

ಮಧ್ಯಾಹ್ನ ಅವಳು ಬಂದಾಗ ಚಪ್ಪಲಿ ಬಿಡಲೂ ಬಿಡಲಿಲ್ಲ ನಾನು. "ಯಾಕಮ್ಮ? ಆ ಬಲಭುಜ ಇಳಿದವನಿಗೆ ನನ್ನ ಬಾಯಿಂದ ಯಾಕೆ ಆಮೆನ್ ಹೇಳಿಸ್ದೆ?"

ಅಮ್ಮ ಗೋಡೆ ಹಿಡಿದು ಕುಳಿತಳು. "ಬಂದಿದ್ನಾ?" ಎಂದಳು. "ಜೈಲಿಂದ ಬಿಟ್ಟ ವಾರವೇ ಬಂದು ಬಾಗಿಲಲ್ಲಿ ನಿಂತ. ನೀನು ಸ್ಕೂಲಲ್ಲಿದ್ದೆ. ಯಾರು ಅಂತ ಹೇಳ್ದ. ಕೈಯಲ್ಲಿ ಕತ್ತರಿ ಇತ್ತು ಕಣೇ. ಏನ್ ಮಾಡ್ಲಿ ಅಂತ ತೋಚಲಿಲ್ಲ. ಕತ್ತರಿ ಕೆಳಗಿಟ್ಟು ಟೇಪ್ ತಗೊಂಡೆ. ಶರ್ಟ್ ಹೊಲಿದುಕೊಟ್ಟೆ. ನಿದ್ದೆ ಬರಲ್ಲ ಅಂದ."

"ಅಷ್ಟಕ್ಕೇ ಕ್ಷಮಿಸಿಬಿಟ್ಯಾ? ದೊಡ್ಡ ಸಂತಳು ನೀನು!"

"ಯಾರೇ ಕ್ಷಮಿಸಿದ್ದು?" ಅಮ್ಮನೂ ದನಿ ಏರಿಸಿದಳು. "ಪುಸ್ತಕದಲ್ಲಿ ಅವನ ಹಾಳೆ ಬಂದಾಗೆಲ್ಲ ಹೊಟ್ಟೆ ಉರೀತಿತ್ತು. ಪ್ರಾರ್ಥನೆಯ ಮಾತು ಹೆಂಗೋ ಆಡ್ತಿದ್ದೆ, ಆಮೆನ್ ಅನ್ನೋಕೆ ನಾಲಿಗೆ ಹೊರಳ್ತಿರಲಿಲ್ಲ. ನೀನು ಪಕ್ಕದಲ್ಲಿ ಕೂತು ಗಂಟಲು ಹರಿಯೋ ಹಾಗೆ ಅಂದುಬಿಡ್ತಿದ್ದೆ. ಅದನ್ನ ಹಿಡ್ಕೊಂಡೇ ನಾನು ಬದುಕಿದ್ದು. ಹನ್ನೊಂದು ವರ್ಷ ಬೇಕಾಯ್ತು ನನಗೆ, ಅವನಿಗೋಸ್ಕರ ನಾನೇ ಆಮೆನ್ ಅನ್ನೋಕೆ."

ಅಮ್ಮ ನನಗೆ ನಂಬಿಕೆ ಕೊಟ್ಟಳು ಎಂದೇ ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಅವಳು ನೋಡಿದರೆ ನನ್ನ ಹೆಗಲ ಮೇಲೆ ಭಾರ ಹಾಕಿ ನಡೆದಿದ್ದಳು, ಅದೂ ನನಗೆ ಒಂದು ಮಾತೂ ಹೇಳದೆ.

ಆ ಸಂಜೆ ಅವಳ ಕಣ್ಣಿಗೆ ಕಾಣದ ಪುಸ್ತಕವನ್ನು ನಾನೇ ತಿರುವಿದೆ. ಬಲಭುಜ ಇಳಿದವನ ಹಾಳೆ ಬಂತು. ಅಮ್ಮ ಹೇಳಬೇಕಾದ್ದು ಹೇಳಿ ಕಾದಳು. ನಾನು ಬಾಯಿ ತೆರೆದೆ. ಏನೂ ಹೊರಡಲಿಲ್ಲ.

"ನನಗೆ ಆಗಲ್ಲಮ್ಮ."

"ಸರಿ," ಎಂದಳು ಅಮ್ಮ. "ಬಾ, ಮುಂದಿನ ಹಾಳೆ ತಿರುವು."

ಕೋಟನ್ನು ಮದುವೆಗೆ ಮೊದಲೇ ಹೊಲಿದು ಕೊಟ್ಟೆ, ಬಲಭುಜಕ್ಕೆ ಒಳಗೆ ಪ್ಯಾಡಿಟ್ಟು ಎರಡನ್ನೂ ಸಮ ಮಾಡಿ. ಕೈಗೆ ಗೊತ್ತಿದ್ದ ಕೆಲಸ, ಕೈ ಮಾಡಿತು. ಬಾಯಿ ಇನ್ನೂ ಒಪ್ಪಿಲ್ಲ. ದಿನಾ ಆ ಹಾಳೆ ಬಂದಾಗ ಅಮ್ಮ ಎರಡು ಸಲ ಆಮೆನ್ ಹೇಳುತ್ತಾಳೆ. ಎರಡನೆಯದು ಯಾರದೆಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ.