ಕುಲುಮೆಯಕ್ಕನ ‘ಬಂತು’

ಆ ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಕುಲುಮೆಯಕ್ಕ ಎಂದೇ. ವಯಸ್ಸಿನಲ್ಲಿ ದೊಡ್ಡವರಾದ ಯಜಮಾನರಿಗೂ ಆಕೆ ಅಕ್ಕನೇ. ಸವೆದು ಬಂದ ಪಂಪಿನ ಶಾಫ್ಟುಗಳ ಮೇಲೆ ಗಟ್ಟಿ ಲೋಹದ ಪುಡಿ ಎರಚಿ, ಆ ಲೇಪನವನ್ನು ಬೆಂಕಿಯಲ್ಲಿ ಕರಗಿಸಿ ಕೂರಿಸುವುದು ಆಕೆಯ ಕೆಲಸ. ಎರಚಿದ್ದಷ್ಟೇ ಆದರೆ ಅದು ಗೋಡೆಗೆ ಬಳಿದ ಸುಣ್ಣದಂತೆ, ಇವತ್ತಲ್ಲ ನಾಳೆ ಏಳುವುದೇ. ಹದವಾಗಿ ಕಾದು ಕರಗಿ ಕೆಳಗಿನ ಉಕ್ಕನ್ನು ಕಚ್ಚಿಕೊಂಡರೆ ಮಾತ್ರ ಮರಳು ನೀರಿಗೂ ಜಗ್ಗುವುದಿಲ್ಲ.

ಕರಗಿದ್ದಕ್ಕೆ ಗುರುತು ಒಂದು ಹೊಳಪು. ಒರಟಾಗಿ ಒಣಗಿದಂತಿದ್ದ ಮೈ ಇದ್ದಕ್ಕಿದ್ದಂತೆ ಒದ್ದೆಯಾದ ಹಾಗೆ ಮಿರುಗುತ್ತದೆ. ಆ ಕ್ಷಣಕ್ಕೆ ಜ್ವಾಲೆ ಸರಿಸಬೇಕು. ತಡವಾದರೆ ಲೇಪನ ಜಾರಿ ಇಳಿಯುತ್ತದೆ, ಅವಸರಪಟ್ಟರೆ ಹಸಿ ಉಳಿಯುತ್ತದೆ. ಅದಕ್ಕೇ ಅಕ್ಕ ಜ್ವಾಲೆ ಹಿಡಿದಾಗ ದೀಪ ಆರಿಸಿ, ಕಿಟಕಿ ಮುಚ್ಚಿ, ಎಲ್ಲರೂ ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಆಕೆ “ಬಂತು!” ಎಂದ ಮೇಲೆಯೇ ಮಾತು, ಕೆಮ್ಮು, ಸೀನು ಎಲ್ಲ. ಆಮೇಲೆ ಶಾಫ್ಟನ್ನು ಬೂದಿಯಲ್ಲಿ ಹೂತಿಟ್ಟರೆ ಅದು ಇಡೀ ರಾತ್ರಿ ನಿಧಾನವಾಗಿ ಆರುತ್ತಿತ್ತು.

ಇಂಥ ಕಡೆಗೆ ಲೇಸರ್ ಯಂತ್ರ ಬಂತು, ಅದರ ಹಿಂದೆಯೇ ಅದನ್ನು ನಡೆಸುವವರೂ ಬಂದರು. ಹಸಿರು ಕನ್ನಡಕ, ದಪ್ಪ ಮೀಸೆ, ಮೆತ್ತಗಿನ ಮಾತು. ಹಿಂದೆ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳಿದ್ದವರಾದ್ದರಿಂದ ಅವರು ಎಲ್ಲರಿಗೂ ಮೇಷ್ಟ್ರು. ಅವರ ಯಂತ್ರ ಲೇಪನವನ್ನು ಗೆರೆಗೆರೆಯಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕರಗಿಸಿಬಿಡುತ್ತಿತ್ತು. ಪಕ್ಕದ ಲೋಹಕ್ಕೆ ಬಿಸಿ ತಟ್ಟಿದ್ದೂ ಗೊತ್ತಾಗುತ್ತಿರಲಿಲ್ಲ.

“ಏನ್ ಮೇಷ್ಟ್ರೇ, ನಿಮ್ಮ ಟಾರ್ಚ್ ಲೈಟು ಎದ್ದಿದ್ಯಾ ಇವತ್ತು?” ಎಂದು ಅಕ್ಕ ದಿನಾ ಮೂಗು ಮುರಿಯುತ್ತಿದ್ದಳು. ಒಳಗೊಳಗೆ ಮಾತ್ರ ಹೆದರಿಕೆ. ಹೆದರಿಕೆ ಯಂತ್ರದ್ದಲ್ಲ, ಕಣ್ಣಿನದು. ಕೆಲವು ತಿಂಗಳಿಂದ ದೀಪಗಳ ಸುತ್ತ ಮಂಜು ಕಟ್ಟಿದಂತೆ ಕಾಣುತ್ತಿತ್ತು. ಯಾರಿಗಾದರೂ ಹೇಳಿದರೆ ಕುಲುಮೆ ಕೈತಪ್ಪುತ್ತದೆಂದು ಆಕೆ ತುಟಿ ಬಿಚ್ಚಿರಲಿಲ್ಲ. ಮನೆಯಲ್ಲಿ ಹೊಲಿಗೆ ಕೆಲಸ ಮಾಡುವ ಗಂಡ ಸೂಜಿಗೆ ದಾರ ಪೋಣಿಸಲು ಕೊಟ್ಟರೆ, “ನನಗೇನು ಬೇರೆ ಕೆಲಸ ಇಲ್ವಾ?” ಎಂದು ಸಿಡುಕುವಳು. ಆತ ಪಾಪ, ಹೆಂಡತಿಗೆ ಯಾಕೋ ಕೋಪ ಜಾಸ್ತಿಯಾಗಿದೆ ಎಂದುಕೊಂಡಿದ್ದ.

ಒಂದು ಬೆಳಿಗ್ಗೆ ಆಕೆಯ ಕೈಯಿಂದ ಹೋಗಿದ್ದ ಶಾಫ್ಟು ವಾಪಸು ಬಂತು. ಲೇಪನ ಹಕ್ಕಳೆಯಂತೆ ಎದ್ದಿತ್ತು.

ಎದ್ದ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಷ್ಟ್ರು ಆಕೆಯನ್ನು ಪಕ್ಕಕ್ಕೆ ಕರೆದರು.

“ಅಕ್ಕಾ, ಇದು ಕರಗೇ ಇಲ್ಲ. ಹೊಳಪು ಬರೋಕೆ ಮುಂಚೆನೇ ನೀವು ‘ಬಂತು’ ಅಂದ್ರಿ.”

“ನಾನು ನೋಡ್ದೆ ಮೇಷ್ಟ್ರೇ. ಮಿರಮಿರ ಅಂತಿತ್ತು.”

“ನಿಮ್ಗೆ ಈಗ ಎಲ್ಲಾನೂ ಹಾಗೇ ಮಿರುಗ್ತಾ ಇರ್ಬೇಕು. ನನ್ನ ಅಮ್ಮನಿಗೂ ಹೀಗೇ ಆಗಿತ್ತು. ಕಣ್ಣಿಗೆ ಪೊರೆ ಬಂದಿದೆ, ತೋರಿಸ್ಕೊಳ್ಳಿ. ಯಜಮಾನರಿಗೆ ನೀವೇ ಹೇಳ್ಬಿಡಿ, ಜೊತೆಗೆ ನಾನೂ ಬರ್ತೀನಿ.”

ಬೇರೆ ದಾರಿಯಿರಲಿಲ್ಲ. ಯಜಮಾನರು ಎಲ್ಲ ಕೇಳಿಸಿಕೊಂಡು, ಗದರದೆ, “ಸರಿ ಅಕ್ಕ, ಆಪರೇಷನ್ ಮಾಡಿಸ್ಕೊಳ್ಳಿ. ಅಲ್ಲಿವರೆಗೆ ಶಾಫ್ಟೆಲ್ಲ ಲೇಸರ್‌ಗೆ ಹಾಕೋಣ. ಆಮೇಲೂ ಅದೇ ಸಾಕಾಗ್ಬಹುದು” ಎಂದರು.

“ಸಾಕಾಗಲ್ಲ ಸಾರ್,” ಎಂದರು ಮೇಷ್ಟ್ರು. “ಚಿಕ್ಕ ತುಂಡಾದ್ರೆ ನನ್ನ ಯಂತ್ರನೇ ಮೇಲು. ಇಷ್ಟು ದಪ್ಪ ಶಾಫ್ಟು ಒಳಗೆಲ್ಲ ತಣ್ಣಗೇ ಇರುತ್ತೆ, ಮೇಲಿನ ಲೇಪನ ಥಟ್ಟಂತ ಆರಿ ಕೂದಲೆಳೆ ಬಿರುಕು ಬಿಡುತ್ತೆ. ಮೊನ್ನೆ ಒಂದು ಹಾಕಿ ನೋಡ್ದೆ, ಬಿರುಕು ಬಿಡ್ತು. ಇದು ಅಕ್ಕನ ಕೆಲಸ. ಅವರು ಬರೋವರೆಗೂ ಕಾಯೋಣ.”

ತನ್ನ ಯಂತ್ರದ ಕುಂದನ್ನು ತಾನೇ ಯಜಮಾನರ ಮುಂದೆ ಬಿಚ್ಚಿಟ್ಟ ಮನುಷ್ಯನನ್ನು ಅಕ್ಕ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆ ಸಂಜೆ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿಕೊಂಡು ಅತ್ತಳು. ಆತ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, “ಮೊದಲೇ ಹೇಳಿದ್ರೆ ದಾರ ನಾನೇ ಪೋಣಿಸ್ಕೋತಿರ್ಲಿಲ್ವೇನೇ?” ಎಂದ.

ಪೊರೆ ತೆಗೆಸಿ, ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಆಕೆ ಮರಳಿದಾಗ ಕುಲುಮೆಯ ಪಕ್ಕ ಶಾಫ್ಟುಗಳು ಸಾಲಾಗಿ ಕಾದಿದ್ದವು. ಆಕೆಯ ಚರ್ಮದ ಏಪ್ರನ್ ಇದ್ದ ಮೊಳೆಯಲ್ಲೇ ಇತ್ತು. ಎದುರು ಬಂದ ಮೇಷ್ಟ್ರನ್ನು ನೋಡಿ ಅಕ್ಕ ಕಿಸಕ್ಕನೆ ನಕ್ಕಳು. “ಅಯ್ಯೋ, ನಿಮ್ಮ ಮೀಸೆ ಇಷ್ಟೊಂದು ನರೆತಿದ್ಯಾ?”

“ನಿಮ್ಮ ಟಾರ್ಚ್ ಲೈಟಿನ ಮಾತು ಕೇಳಿ ಕೇಳಿ ನರೆತದ್ದು.”

ದೀಪ ಆರಿತು, ಕಿಟಕಿ ಮುಚ್ಚಿತು. ಕಪ್ಪು ಕನ್ನಡಕ ಏರಿಸಿ ಅಕ್ಕ ಜ್ವಾಲೆ ಹಿಡಿದಳು. ಶಾಫ್ಟು ತಿರುಗುತ್ತಾ ಕೆಂಪಾಯಿತು. ಒಂದು ಕಡೆ ಮಿರುಗಿದಂತಾಯಿತು. ನಾಲಿಗೆ ತುದಿಗೆ ಬಂದ ಮಾತನ್ನು ಆಕೆ ನುಂಗಿಕೊಂಡಳು.

“ಮೇಷ್ಟ್ರೇ, ಬಂತಾ?” ಎಂದು ಪಿಸುಗುಟ್ಟಿದಳು. ಇಷ್ಟು ವರ್ಷದಲ್ಲಿ ಆ ಕತ್ತಲೆಯಲ್ಲಿ ಆಕೆ ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು.

“ನೀವೇ ಹೇಳ್ಬೇಕು ಅಕ್ಕ,” ಎಂದರು ಅವರು. “ನಾವೆಲ್ಲ ಅದಕ್ಕೇ ಕಾದಿರೋದು.”

ಆಕೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಒರಟು ಮೈ ಕರಗಿ, ಒದ್ದೆಯಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊಳಪು ಹರಿಯಿತು. ಸುತ್ತ ಮಂಜಿರಲಿಲ್ಲ.

“ಬಂತು!” ಎಂದಳು ಅಕ್ಕ. ಕಾರ್ಖಾನೆಯೆಲ್ಲ ಒಟ್ಟಿಗೇ ಕೆಮ್ಮಿತು.